ಮೂವತ್ತಾರು ಹೋಳಿಗೆ

ನನಗೆ ಹೊಟ್ಟೆಕಿಚ್ಚು ಬಂದದ್ದು ನೆರೆಮನೆಯವಳ ಮೇಲಲ್ಲ, ವಾರಗಿತ್ತಿಯ ಮೇಲಲ್ಲ, ಕಟ್ಟಿಕೊಂಡ ಗಂಡನ ಮೇಲೆ. ಅದೂ ಬೇರೆ ಹೆಂಗಸಿನ ವಿಷಯಕ್ಕಲ್ಲ, ನನ್ನ ಸ್ವಂತ ಅಪ್ಪಯ್ಯನ ವಿಷಯಕ್ಕೆ. ಯಾರಿಗೆ ಹೇಳಿದರೂ ನಗುತ್ತಾರೆ. ನಗಲಿ. ಉರಿದದ್ದು ನನ್ನ ಹೊಟ್ಟೆ, ಅವರದ್ದಲ್ಲ.

ಅಪ್ಪಯ್ಯ ಅಡುಗೆ ಭಟ್ಟರು. ಸಾಲಿಗ್ರಾಮದ ಹತ್ತಿರದ ನಮ್ಮ ಮನೆಯಿಂದ ಹೊರಟು ಅತ್ತ ಬ್ರಹ್ಮಾವರ, ಇತ್ತ ಬೈಂದೂರು, ಎಲ್ಲಿ ಮದುವೆ, ಮುಂಜಿ, ಗೃಹಪ್ರವೇಶವಿದ್ದರೂ ಅವರ ಹಂಡೆ ಸಟ್ಟುಗಗಳು ಹೋಗುತ್ತವೆ. ಊಟದ ಮನೆಯವರು ಮೊದಲು ಬಂದು ನಮ್ಮ ಜಗಲಿಯಲ್ಲಿ ಕೂತು ಎಲೆ ಎಷ್ಟು ಎಂದು ಹೇಳಬೇಕು. ನಮ್ಮ ಕಡೆ ಉಣ್ಣುವವರನ್ನು ತಲೆಯಿಂದ ಎಣಿಸುವುದಿಲ್ಲ, ಎಲೆಯಿಂದ ಎಣಿಸುವುದು. "ಮುನ್ನೂರ್ ಎಲೆ, ಹೋಳ್ಗಿ ಊಟ" ಎಂದರೆ ಸಾಕು. ಅಪ್ಪಯ್ಯ ಕಣ್ಣು ಮುಚ್ಚಿ ಅರ್ಧ ನಿಮಿಷ ಸುಮ್ಮನಿರುತ್ತಾರೆ. ಆಮೇಲೆ ಅಕ್ಕಿ ಇಷ್ಟು, ಕಡಲೆಬೇಳೆ ಇಷ್ಟು, ಬೆಲ್ಲ ಇಷ್ಟು, ತೆಂಗಿನಕಾಯಿ ಇಷ್ಟು ಎಂದು ತಡೆಯಿಲ್ಲದೆ ಹೇಳುತ್ತಾ ಹೋಗುತ್ತಾರೆ. ಒಬ್ಬರು ಪಕ್ಕದಲ್ಲಿ ಕೂತು ಹಳೆ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳಬೇಕು. ಅದು ಪಟ್ಟಿ.

ಆ ಒಬ್ಬರು ಮೊದಲು ನಾನು. ಏಳನೇ ಕ್ಲಾಸಿನಿಂದ ಮದುವೆಯಾಗುವವರೆಗೆ ಪಟ್ಟಿ ಬರೆದದ್ದು ನಾನೇ. ನನ್ನ ಅಕ್ಷರ ದುಂಡಗೆ, ಲೆಕ್ಕದಲ್ಲಿ ನೂರಕ್ಕೆ ನೂರು. ಬರೆಯುತ್ತಾ ಒಮ್ಮೆ ಕೇಳಿದ್ದೆ, ಇನ್ನೂರು ಎಲೆಗೆ ಮೊನ್ನೆ ಹೇಳಿದ ಅಕ್ಕಿಗಿಂತ ಇವತ್ತು ಕಡಿಮೆ ಹೇಳಿದ್ದು ಯಾಕೆ ಎಂದು. ಅಪ್ಪಯ್ಯ ಕಣ್ಣು ತೆರೆಯದೆ ಹೇಳಿದ್ದರು: "ನೀ ಬರಿ. ಎಂತಕ್ ಅಂದ್ ಕೇಂಬುದ್ ಬೇಡ."

ನಾನು ಕೇಳುವುದನ್ನು ಬಿಟ್ಟೆ. ಹೆಣ್ಣುಮಗಳು ದೊಡ್ಡ ಒಲೆಯ ಹತ್ತಿರ ಸುಳಿಯುವುದು ನಮ್ಮಲ್ಲಿ ಇರಲಿಲ್ಲ, ಹಾಗಾಗಿ ಪಟ್ಟಿ ಬರೆಯುವುದು, ಬೆಳಿಗ್ಗೆ ಅವರು ಹೊರಡುವಾಗ ಜಗಲಿಯಲ್ಲಿ ನಿಂತು ನೋಡುವುದು, ಸಂಜೆ ಅವರು ತರುವ ಬಾಳೆಲೆಯ ಪೊಟ್ಟಣ ಬಿಚ್ಚುವುದು, ಇಷ್ಟೇ ನನ್ನ ಪಾಲು. ಹೋಳಿಗೆ ಊಟವಿದ್ದ ದಿನ ಪೊಟ್ಟಣದಲ್ಲಿ ನಾಲ್ಕು ಹೋಳಿಗೆ. ಅಮ್ಮನಿಗೆ ಎರಡು, ನನಗೆ ಎರಡು. ಉಳಿದದ್ದನ್ನು ಕಟ್ಟಿಕೊಂಡು ಬರುತ್ತಾರೆ ಎಂದು ನಾನು ತಿಳಿದಿದ್ದೆ.

ಆಮೇಲೆ ಇವರು ಬಂದರು. ಇವರು ಎಂದರೆ ನನ್ನ ಗಂಡ. ಬೈಂದೂರಿನ ಆಚೆಯವರು, ಅಪ್ಪಯ್ಯನ ಜೊತೆ ಅಡುಗೆಗೆ ಸೇರಿದವರು. ಎರಡು ವರ್ಷ ಒಲೆಯ ಮುಂದೆ ಪರೀಕ್ಷೆ ಮಾಡಿ, ಪಾಸಾದ ಮೇಲೆ ಅಪ್ಪಯ್ಯ ಮಗಳನ್ನು ಕೊಟ್ಟರು. ಇವರು ನನ್ನನ್ನು ನೋಡಿ ಒಪ್ಪಿದರೋ, ಅಪ್ಪಯ್ಯನ ಹಂಡೆಗಳನ್ನು ನೋಡಿ ಒಪ್ಪಿದರೋ, ಇವತ್ತಿಗೂ ನನಗೆ ಅನುಮಾನವಿದೆ. ನಾನು ಒಬ್ಬಳೇ ಮಗಳಾದ್ದರಿಂದ ಇಬ್ಬರೂ ಅಪ್ಪಯ್ಯನ ಮನೆಯಲ್ಲೇ ಉಳಿದೆವು. ನನಗೆ ಕುಂದಾಪುರದಲ್ಲಿ ಕೆಲಸವಿತ್ತು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಕಂಪ್ಯೂಟರಿನ ಮುಂದೆ ಕೂತು, ಸಂಜೆ ವಾಪಸು. ಒಂದು ಸಂಜೆ ಬಂದು ನೋಡಿದರೆ ಜಗಲಿಯಲ್ಲಿ ನನ್ನ ಜಾಗದಲ್ಲಿ ಇವರು. ಕ್ಯಾಲೆಂಡರಿನ ಹಾಳೆ ಇವರ ತೊಡೆಯ ಮೇಲೆ. ಅಕ್ಷರವೋ, ಕೋಳಿ ಕೆದಕಿದ ಹಾಗೆ.

ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಅಪ್ಪಯ್ಯ ಇವರಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದರು. "ಹೋಳ್ಗಿ ಇಪ್ಪ ದಿನ ಅನ್ನ ಕಮ್ಮಿ ಹೋತ್, ಗೊತ್ತಾಯ್ತಾ?" ಎಂದು. "ಸೆಕೆಗಾಲ್ದಂಗೆ ಮಜ್ಜಿಗಿ ಒಂದೂವರೆ ಹಿಡಿನಿ" ಎಂದು. ನಮ್ಮಲ್ಲಿ ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡುವ ಹಾಗಿಲ್ಲ. ಹುಳಿಗೆ ಉಪ್ಪು ಹಿಡಿದದ್ದು ಮೂಗಿಗೆ ಹೇಗೆ ತಿಳಿಯುತ್ತದೆ ಎಂಬುದನ್ನೂ ಇವರಿಗೆ ಹೇಳಿಕೊಟ್ಟರು. ಇವರು ಮೊದಲ ಸಲ ಒಬ್ಬರೇ ಹುಳಿ ಮಾಡಿದ ದಿನದಿಂದ ಎಂಟು ದಿನ ಅಪ್ಪಯ್ಯ ಬಂದವರಿಗೆಲ್ಲ ಆ ಹುಳಿಯ ವಿಷಯವನ್ನೇ ಹೇಳಿದರು. ನಾನು ಡಿಗ್ರಿಯಲ್ಲಿ ಕಾಲೇಜಿಗೇ ಮೊದಲು ಬಂದಾಗ ಹೇಳಿದ್ದು ಒಂದೇ ಮಾತು, "ಆತ್".

ಹಿತ್ತಿಲಿನಲ್ಲಿದ್ದರೂ, ಅಂಗಳದಲ್ಲಿದ್ದರೂ, ಅಪ್ಪಯ್ಯ "ಹ್ವಾಯ್" ಎಂದರೆ ಅದು ಇವರಿಗೆ. ಆ ಕೂಗು ಮುಗಿಯುವ ಮೊದಲೇ ಇವರು "ಹಾಂ ಮಾವ" ಎನ್ನುತ್ತಿದ್ದರು. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಪೊಟ್ಟಣ ತರುವುದೂ ಈಗ ಇವರೇ. "ತಕೋ, ಹೋಳ್ಗಿ" ಎಂದು ಕೈಗೆ ಕೊಡುತ್ತಿದ್ದರು, ಇವರೇ ಸಂಪಾದಿಸಿ ತಂದ ಹಾಗೆ. ನಾನು ಎಷ್ಟೋ ಸಲ ಹಸಿವಿಲ್ಲ ಎಂದು ಹಾಗೇ ಇಟ್ಟಿದ್ದೇನೆ. ಆಮೇಲೆ ಯಾರೂ ಇಲ್ಲದಾಗ ತಿಂದಿದ್ದೇನೆ, ಅದು ಬೇರೆ ಮಾತು.

ಈಚೆಗೆ ಒಂದು ದಿನ ಕಾಫಿ ಕುಡಿಯುತ್ತಾ ಅಪ್ಪಯ್ಯ ಹೇಳಿದರು: "ಪಟ್ಟಿ ಹೇಳುದ್ ಇನ್ನ್ ನನ್ ಕೈಲ್ ಆತಿಲ್ಲೆ. ಗುಲ್ವಾಡಿ ಉಪನಯನ ಒಂದ್ ಮುಗೀಲಿ. ಮತ್ತೆ ಯಾರಾರೂ ಹೇಳಿ." ಬಾಯಲ್ಲಿ ಯಾರಾದರೂ ಎಂದರು, ಕಣ್ಣು ಇವರ ಮೇಲಿತ್ತು. ಅದನ್ನು ನಾನು ನೋಡಿದೆ.

ಪಟ್ಟಿ ಯಾರ ಬಾಯಿಂದ ಬರುತ್ತದೋ ಅವರೇ ನಮ್ಮ ಮನೆಯ ಭಟ್ಟರು. ಒಲೆಯ ಮುಂದೆ ಯಾರು ಬೇಕಾದರೂ ನಿಲ್ಲಬಹುದು, ಆ ಅರ್ಧ ನಿಮಿಷ ಕಣ್ಣು ಮುಚ್ಚುವವರು ಒಬ್ಬರೇ. ಅಪ್ಪಯ್ಯನದ್ದು ಏನಾದರೂ ನನಗೆ ಸಿಗುವುದಿದ್ದರೆ ಅದೊಂದೇ ಇತ್ತು, ಅದೂ ಕಣ್ಣೆದುರೇ ಕೈತಪ್ಪಿ ಹೋಗುತ್ತಿತ್ತು. ಲೋಟ ಕೆಳಗಿಟ್ಟು, "ಗುಲ್ವಾಡಿ ಪಟ್ಟಿ ನಾ ಕೊಡ್ತೆ" ಎಂದೆ.

"ನೀನಾ? ಹ್ಯಾಂಗೆ?"

"ಲೆಕ್ಕ ಮಾಡಿ."

ಅಪ್ಪಯ್ಯ ಉಳಿದ ಕಾಫಿ ಕುಡಿದು ಮುಗಿಸಿದರು. "ಸಮ. ಮಾಡ್, ಕಾಂಬ" ಎಂದರು. ಇವರು ನಕ್ಕರು. ಒಳ್ಳೆಯ ನಗುವೇ, ಕುಹಕವಿರಲಿಲ್ಲ. ನನಗೆ ಅದೂ ಚುಚ್ಚಿತು.

ಲೆಕ್ಕ ಹೇಗೆ ಮಾಡುವುದು ಎಂಬುದು ನನ್ನ ತಲೆಯಲ್ಲಿ ಆಗಲೇ ಇತ್ತು. ನಮ್ಮ ಆಫೀಸಿನಲ್ಲಿ ಶಾಲೆಗಳಿಗೆ ಅಂಕಪಟ್ಟಿಯ ಪ್ರೋಗ್ರಾಮ್ ಮಾಡಿಕೊಡುತ್ತೇವೆ. ಒಂದು ಶಾಲೆಯವರು ಮೂರು ಕಿರುಪರೀಕ್ಷೆ ಕೂಡಿಸಿ ಭಾಗಿಸಿ ಎನ್ನುತ್ತಾರೆ, ಇನ್ನೊಂದು ಶಾಲೆಯವರು ಕಡಿಮೆ ಬಂದದ್ದನ್ನು ಬಿಟ್ಟು ಎರಡು ಸಾಕು ಎನ್ನುತ್ತಾರೆ, ಮುಂದಿನ ವರ್ಷ ಇಬ್ಬರೂ ಬದಲಾಯಿಸುತ್ತಾರೆ. ಪ್ರತಿ ಸಲ ಪ್ರೋಗ್ರಾಮಿನ ಹೊಟ್ಟೆ ಕೊಯ್ದು ಸರಿಮಾಡುತ್ತಾ ಕೂತರೆ ಆಯುಷ್ಯ ಸಾಲದು. ಅದಕ್ಕೆ ಸೂತ್ರವನ್ನು ಪ್ರೋಗ್ರಾಮಿನ ಒಳಗೆ ಹುಗಿಯದೆ, ಹೊರಗೆ ಒಂದು ಸಾಲಾಗಿ ಮಾಮೂಲಿ ಅಕ್ಷರದಲ್ಲಿ ಬರೆದಿಡುತ್ತೇವೆ. ಆ ಸಾಲನ್ನು ಓದಿ ಲೆಕ್ಕ ಮಾಡುವುದಕ್ಕೆ ಒಂದು ಲೈಬ್ರರಿ ಇದೆ. ಎಲ್ಲೋ ಯಾರೋ ಬರೆದು, ಬೇಕಾದವರು ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟ ಪ್ರೋಗ್ರಾಮಿನ ಕಟ್ಟು ಅದು. ಸಾಲಿನಲ್ಲಿ ಹೆಸರುಗಳಿರುತ್ತವೆ, ಕೂಡು ಗುಣಿಸು ಎಂಬ ಚಿಹ್ನೆಗಳಿರುತ್ತವೆ. ಯಾವ ಹೆಸರಿಗೆ ಯಾವ ಸಂಖ್ಯೆ ಎಂದು ನಾವು ಹೇಳಿದರೆ ಸಾಕು, ಮೊದಲು ಕಂಸದ ಒಳಗಿನದ್ದು, ಆಮೇಲೆ ಗುಣಾಕಾರ ಭಾಗಾಕಾರ, ಕೊನೆಗೆ ಸಂಕಲನ ವ್ಯವಕಲನ ಎಂದು ಕ್ರಮ ತಪ್ಪದೆ ಮಾಡಿ ಉತ್ತರ ಕೊಡುತ್ತದೆ.

ಅಪ್ಪಯ್ಯನ ಅಡುಗೆಯೂ ಹೀಗೆಯೇ ಅಲ್ಲವೇ ಎಂದು ಅನಿಸಿತ್ತು. ಎಲೆ ಎಂಬುದು ಒಂದು ಹೆಸರು. ಅಕ್ಕಿ, ಬೇಳೆ, ಬೆಲ್ಲ ಒಂದೊಂದು ಸಾಲು. ಎಲೆ ಎಷ್ಟು ಎಂದು ಕೊಟ್ಟರೆ ಪಟ್ಟಿ ಬರಬೇಕು. ಕಣ್ಣು ಮುಚ್ಚುವುದೂ ಬೇಡ.

ಊಟದ ಬಿಡುವಿನಲ್ಲಿ ಕೂತು ಶುರು ಮಾಡಿದೆ. ಹೆಸರುಗಳು ಕನ್ನಡದಲ್ಲೇ ಇರಬೇಕು ಎಂದು ಹಟ. ಅಪ್ಪಯ್ಯನಿಗೆ ಇಂಗ್ಲಿಷು ಓದಲು ಬರುವುದಿಲ್ಲ, ಅವರೇ ಸಾಲು ಸಾಲಾಗಿ ಓದಿ ಸರಿ ಎನ್ನಬೇಕು. ಆದರೆ ಲೈಬ್ರರಿ ಬರೆದವರಿಗೆ ಕನ್ನಡ ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ. 'ಎಲೆ' ಎಂದು ಕೊಟ್ಟರೆ ಗಂಟಲಿಗೆ ಸಿಕ್ಕಿಕೊಂಡ ಹಾಗೆ ನಿಂತುಬಿಡುತ್ತಿತ್ತು. ಅಕ್ಷರವನ್ನು ಒಪ್ಪಿಸಿದರೆ ಅದರ ತಲೆಯ ಮೇಲಿನ ಸ್ವರಚಿಹ್ನೆಯನ್ನು ಒಪ್ಪುತ್ತಿರಲಿಲ್ಲ. ಎರಡು ದಿನ ಅದರ ಬೆನ್ನು ಹತ್ತಿ, ಇವೆಲ್ಲ ಅಕ್ಷರಗಳೇ ಮಾರಾಯ್ತಿ, ನುಂಗು ಎಂದು ಕಲಿಸಿದೆ. ಮೂರನೆಯ ದಿನ ನುಂಗಿತು. ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ, ಒಬ್ಬಳೇ ಎದ್ದು ಹೋಗಿ ಕೆಳಗಿನ ಅಂಗಡಿಯಲ್ಲಿ ಒಂದು ಗೋಳಿಬಜೆ ಪ್ಲೇಟು ತಿಂದು ಬಂದೆ.

ಈಗ ಸೂತ್ರಗಳು ಬೇಕು. ಅಪ್ಪಯ್ಯನನ್ನು ಕೂರಿಸಿ ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ, ಪಟ್ಟಿ ಹೇಳುವಾಗ ಮಾತ್ರ ಅವರ ಬಾಯಿಗೆ ಬರುತ್ತದೆ. ಇವರನ್ನು ಕೇಳಿದ್ದರೆ ಒಂದು ಗಂಟೆಯಲ್ಲಿ ಎಲ್ಲ ಹೇಳಿಬಿಡುತ್ತಿದ್ದರು. ಕೇಳಲಿಲ್ಲ. ಸತ್ತರೂ ಕೇಳುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನನ್ನ ಅಪ್ಪನ ಲೆಕ್ಕವನ್ನು ಬೈಂದೂರಿನಿಂದ ಬಂದವರ ಬಾಯಲ್ಲಿ ನಾನು ಕಲಿಯಬೇಕೇ?

ನಾನು ಬರೆದ ಕಾಲದ ಪಟ್ಟಿ ಒಂದೂ ಉಳಿದಿರಲಿಲ್ಲ. ಇವರು ಬರೆದಿಟ್ಟ ಹದಿನಾಲ್ಕು ಹಳೆಯ ಪಟ್ಟಿಗಳು ಅಟ್ಟದ ಮೇಲೆ ಒಂದು ಚೀಲದಲ್ಲಿದ್ದವು. ಅವನ್ನು ಇಳಿಸಿ, ಆ ಕೋಳಿಕಾಲಿನ ಅಕ್ಷರ ಬಿಡಿಸಿ, ಎಲೆಯ ಎದುರು ಒಂದೊಂದು ಸಾಮಾನನ್ನು ಇಟ್ಟು ಭಾಗಿಸುತ್ತಾ ಹೋದೆ. ಹೋಳಿಗೆ ಎಲೆಗೆ ಎರಡು ಎಂದು ತಕ್ಷಣ ಸಿಕ್ಕಿತು. ಆದರೆ ಎಲ್ಲ ಪಟ್ಟಿಯಲ್ಲೂ ಮೇಲೆ ಸ್ವಲ್ಪ ಬಾಲ. ಇನ್ನೂರು ಎಲೆಗೆ ನಾನೂರ ಮೂವತ್ತಾರು. ಮುನ್ನೂರಕ್ಕೆ ಆರುನೂರ ಮೂವತ್ತಾರು. ಐನೂರಕ್ಕೆ ಸಾವಿರದ ಮೂವತ್ತಾರು. ಎಲೆ ಹೆಚ್ಚಲಿ ತಗ್ಗಲಿ, ಆ ಮೂವತ್ತಾರು ಅಲ್ಲಾಡುತ್ತಿರಲಿಲ್ಲ. ಅಕ್ಕಿಯಲ್ಲಿ, ಬೇಳೆಯಲ್ಲಿ, ಪಾಯಸದ ಬೆಲ್ಲದಲ್ಲಿ ಕೂಡ ಹಾಗೆಯೇ ಒಂದು ಅಲ್ಲಾಡದ ಹೆಚ್ಚಳ.

ಲೆಕ್ಕ ಓದಿದವಳಿಗೆ ಅಲ್ಲಿ ತಲೆ ಓಡಬೇಕಿತ್ತು. ಬದಲಾಗುವ ಸಂಖ್ಯೆಯ ಪಕ್ಕದಲ್ಲಿ ಬದಲಾಗದ ಸಂಖ್ಯೆ ನಿಂತಿದ್ದರೆ ಅದಕ್ಕೊಂದು ಕಾರಣವಿರುತ್ತದೆ ಎಂದು ಹಿಂದೆ ಟ್ಯೂಷನ್ನಿಗೆ ಬರುತ್ತಿದ್ದ ಎಷ್ಟು ಮಕ್ಕಳಿಗೆ ನಾನೇ ಹೇಳಿಕೊಟ್ಟಿಲ್ಲ. ಆದರೆ ಕಾರಣ ಕೇಳಲು ಇವರ ಹತ್ತಿರ ಹೋಗಬೇಕಿತ್ತು. ಅದರ ಬದಲು, ಕಡಿಮೆ ಬಿದ್ದರೆ ಎಂಬ ಹಳೇ ಕಾಲದ ಭಯ ಇದು ಎಂದು ತೀರ್ಮಾನಿಸಿದೆ. ಒಂದು ಕಾಳೂ ದಂಡವಾಗದ ಪಟ್ಟಿ ಮಾಡಿ ತೋರಿಸುತ್ತೇನೆ, ಆಗ ಗೊತ್ತಾಗಲಿ ಯಾರು ಏನೆಂದು. ಹೋಳಿಗೆ ಎಂದರೆ ಎಲೆ ಗುಣಿಸು ಎರಡು. ಬಾಲ ಕತ್ತರಿಸಿದೆ.

ಒಂಬತ್ತು ಸಾಲು ಆದವು. ಅಪ್ಪಯ್ಯನ ಫೋನಿನಲ್ಲೇ ತೆರೆದು ತಿದ್ದುವ ಹಾಗೆ, ಅಲ್ಲಿ ತಿದ್ದಿದ್ದು ನನ್ನ ಕಂಪ್ಯೂಟರಿಗೂ ಬರುವ ಹಾಗೆ ಮಾಡಿ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಓದಿದರು. "ಇದೆಲ್ಲ ನೀನೇ ಬರ್ದದ್ದಾ?" ಎಂದು ಕೇಳಿದರು. ಆ ದನಿ ಕೇಳಲು ನಾನು ಎಷ್ಟು ವರ್ಷ ಕಾದಿದ್ದೆ ಎಂದು ನನಗೇ ಗೊತ್ತು. ಮರುಕ್ಷಣವೇ ತಲೆಯೆತ್ತಿ, "ಹ್ವಾಯ್, ನೀವೂ ಒಂದ್ ಸಲ ಕಾಣಿ" ಎಂದರು. ನನ್ನ ಕಾಫಿ ಅಲ್ಲೇ ಕಹಿಯಾಯಿತು.

ಮರುದಿನ ಮಧ್ಯಾಹ್ನ ಆಫೀಸಿನಲ್ಲಿ ಗುಲ್ವಾಡಿಯ ಸಂಖ್ಯೆ ಕೊಟ್ಟೆ. ನಾನೂರು ಎಲೆ. ಪಟ್ಟಿ ಬರಲಿಲ್ಲ. ಪರದೆಯ ಮೇಲೆ ಒಂದು ಸಾಲು ಮಾತ್ರ: 'ನಾವು' ಎಂಬ ಹೆಸರು ನನಗೆ ತಿಳಿಯದು.

ಆ ವಾಕ್ಯ ನಾನೇ ಬರೆದದ್ದು. ಲೈಬ್ರರಿಗೆ ಗೊತ್ತಿಲ್ಲದ ಹೆಸರು ಸಿಕ್ಕರೆ ಅದು ಊಹೆ ಮಾಡುವುದಿಲ್ಲ, ಸೊನ್ನೆ ಎಂದು ಹಿಡಿಯುವುದಿಲ್ಲ, ಅಲ್ಲೇ ನಿಂತು ಆ ಹೆಸರನ್ನು ತೋರಿಸುತ್ತದೆ. ಹೋಗಿ ಸೂತ್ರ ತೆರೆದು ನೋಡಿದೆ. ಎಲೆ ಎಂದು ನಾನು ಬರೆದಲ್ಲೆಲ್ಲ ಈಗ ಕಂಸ ಬಿದ್ದಿತ್ತು: (ಎಲೆ + ನಾವು). ಒಂಬತ್ತು ಸಾಲಿನಲ್ಲೂ. ನಾನು ಬಸ್ಸು ಹತ್ತಿದ ಮೇಲೆ ಇವರು ಮನೆಯಲ್ಲಿ ಕೂತು ಮಾಡಿದ ಕೆಲಸ.

ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುವುದು, ಅವತ್ತು ತಲೆಗೇರಿತು. ಜಗಲಿ ಹೋಯಿತು, ಪಟ್ಟಿ ಬರೆಯುವುದು ಹೋಯಿತು, ಅಪ್ಪಯ್ಯ ಹೋದರು. ಇರುವುದು ಇದೊಂದು, ಇದರಲ್ಲೂ ಇವರ ಕೈ. 'ನಾವು' ಅಂತೆ, ಯಾವ ನಾವು? ಮಾವ ಅಳಿಯ ಇಬ್ಬರೇ ಇರಬೇಕು. ಅದು ಏನು, ಎಷ್ಟು ಎಂದು ಲೈಬ್ರರಿ ನನ್ನನ್ನು ಕೇಳಿತ್ತು. ನಾನು ಇವರಿಗೆ ಒಂದು ಫೋನು ಮಾಡಿ ಅದೇ ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು. ಆ ಯಂತ್ರಕ್ಕಿದ್ದ ಬುದ್ಧಿ ನನಗಿರಲಿಲ್ಲ. ಒಂಬತ್ತು ಸಾಲಿನಿಂದಲೂ ಕಂಸ ಸಮೇತ ಅಳಿಸಿದೆ. ಪಟ್ಟಿ ನೀಟಾಗಿ ಬಂತು. ಹೋಳಿಗೆ ಎಂಟುನೂರು.

ಸಂಜೆ ಇವರು ಕೇಳಿದರು. "ನಾ ಅದ್ರಂಗೆ ಒಂದ್ ಶಬ್ದ ಹಾಕಿದ್ದೆ, ಕಂಡ್ಯಾ?"

"ಕಂಡೆ. ತೆಗ್ದೆ. ನನ್ ಕೆಲ್ಸಕ್ಕೆ ಕೈ ಹಾಕ್ಬೇಡಿ."

"ಹೌದಾ. ಅದನ್ನ ಬ್ಯಾರೆ ಕಡಿ ಸೇರ್ಸಿದ್ಯಾ?"

"ಸೇರ್ಸುದ್ ಬಿಡುದ್ ಎಲ್ಲ ನಂಗ್ ಗೊತ್ತಿತ್ತ್" ಎಂದೆ. ನಾನು ಹೇಳಿದ್ದು ಸುಳ್ಳಲ್ಲ, ನಿಜವೂ ಅಲ್ಲ.

ಗುಲ್ವಾಡಿಯ ಉಪನಯನಕ್ಕೆ ನಾನು ರಜೆ ಹಾಕಿ ಹೋದೆ. ಹೊಳೆಯ ಬದಿಯ ಮನೆ, ಅಂಗಳಕ್ಕೆ ಚಪ್ಪರ, ಹಿಂದೆ ಶೀಟಿನ ಮಾಡು ಹಾಕಿ ಅಡುಗೆಗೆ ಜಾಗ. ನಾನು ತಲುಪುವಾಗ ಹೂರಣ ರುಬ್ಬಿ ಆಗಿತ್ತು. ಶೀಟಿನ ಈಚೆ ನಿಂತಿದ್ದೆ, ಒಳಗಿನ ಮಾತು ಕೇಳುತ್ತಿತ್ತು. ಇವರು ಕೇಳುತ್ತಿದ್ದರು: "ಮಾವ, ಹೂರ್ಣ ಒಂಚೂರ್ ಜಾಸ್ತಿ ಮಾಡುವನಾ?"

"ಬೇಡ. ಅವ್ಳ್ ಪಟ್ಟಿ. ಒಂದ್ ಮುಷ್ಟಿ ಹೆಚ್ಚ್ ಮಾಡುಕಾಗ, ಕಮ್ಮಿ ಮಾಡುಕಾಗ" ಎಂದರು ಅಪ್ಪಯ್ಯ.

ನಾನು ಅಲ್ಲೇ ನಿಂತು ಸೀರೆಯ ಸೆರಗು ಸರಿಮಾಡಿಕೊಂಡೆ. ಗೆದ್ದೆ ಎನಿಸಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಅಪ್ಪಯ್ಯ ಇವರಿಗೆ ಬೇಡ ಎಂದದ್ದು, ಅದೂ ನನ್ನ ಪರವಾಗಿ. ಆ ಮನೆಯ ಯಜಮಾನರ ಹೆಂಡತಿ ಬಂದು, "ಕಂಪ್ಯೂಟ್ರಂಗೆ ಪಟ್ಟಿ ಮಾಡ್ದೋರ್ ನೀವೇ ಅಂಬ್ರಲೆ, ಬನಿ, ಕೂಕಣಿ" ಎಂದು ಕೈ ಹಿಡಿದು ಎರಡನೆಯ ಪಂಕ್ತಿಯಲ್ಲಿ ಕೂರಿಸಿದರು. ಹೋಳಿಗೆ ಬಂತು, ಮೇಲೆ ತುಪ್ಪ, ಪಕ್ಕದಲ್ಲಿ ಕಾಯಿಹಾಲು. ಬಡಿಸುವವರು ಇನ್ನೊಂದು ಎಂದಾಗ ಬೇಡ ಎನ್ನಲಿಲ್ಲ. ಮೂರು ತಿಂದೆ. ಅಷ್ಟು ರುಚಿಯ ಹೋಳಿಗೆಯನ್ನು ನಾನು ಅದುವರೆಗೆ ತಿಂದಿರಲಿಲ್ಲ, ಯಾಕೆಂದರೆ ಅದು ಪೊಟ್ಟಣದಲ್ಲಿ ತಣ್ಣಗಾಗಿ ಬಂದದ್ದಲ್ಲ, ಯಾರೂ ಕೈಗೆ ಕೊಟ್ಟದ್ದೂ ಅಲ್ಲ.

ನಾಲ್ಕು ಪಂಕ್ತಿ ಮುಗಿಯಿತು. ಯಾರ ಎಲೆಗೂ ಕಡಿಮೆಯಾಗಲಿಲ್ಲ. ಯಜಮಾನರು ಅಂಗಳದಲ್ಲೇ ನಿಂತು ನನ್ನನ್ನು ಹೊಗಳಿದರು. ಅದನ್ನು ಅಪ್ಪಯ್ಯನ ಬಾಯಿಂದಲೂ ಕೇಳಬೇಕು ಎಂದು ಹಿಂದಕ್ಕೆ ಹೋದೆ. ಅವರು ಹೇಳುವಾಗ ಇವರೂ ಅಲ್ಲಿರಬೇಕು, ಅದೂ ಆಸೆಯೇ.

ಶೀಟಿನ ಕೆಳಗೆ ಕೊನೆಯ ಪಂಕ್ತಿ ಕೂತಿತ್ತು. ಅಡುಗೆಯವರು, ಬಡಿಸಿದವರು, ಪಾತ್ರೆ ತೊಳೆಯುವವರು. ಬೆಳಗಿನ ಜಾವದಿಂದ ಅಷ್ಟು ಬಗೆ ಬೇಯಿಸಿ, ಒಂದನ್ನೂ ನಾಲಿಗೆಗೆ ಮುಟ್ಟಿಸದೆ, ಎಲ್ಲರೂ ಉಂಡು ಎದ್ದ ಮೇಲೆ ಈ ಪಂಕ್ತಿಯವರು ಕೂರುವುದು. ತಾನು ಮಾಡಿದ ಹೋಳಿಗೆ ಹೇಗಾಗಿದೆ ಎಂದು ಅಪ್ಪಯ್ಯನಿಗೆ ಗೊತ್ತಾಗುವುದು ಆ ಎಲೆಯ ಮುಂದೆಯೇ. ಅವರು ಅಲ್ಲಿ ಅನ್ನಕ್ಕೆ ಸಾರು ಕಲಸಿಕೊಂಡು ಉಣ್ಣುತ್ತಿದ್ದರು. ಸಿಹಿಯ ಜಾಗ ಖಾಲಿಯಿತ್ತು. ಎಲ್ಲರ ಎಲೆಯಲ್ಲೂ ಆ ಜಾಗ ಖಾಲಿ. ಹೋಳಿಗೆಯ ಬುಟ್ಟಿ ಗೋಡೆಗೆ ಒರಗಿಸಿ ಇಟ್ಟಿತ್ತು, ಅದರಲ್ಲಿ ಬಾಳೆಲೆಯ ಚೂರು ಮಾತ್ರ. ಪಾಯಸದ ಪಾತ್ರೆ ತೊಳೆಯಲು ಹೋಗಿತ್ತು.

"ಹೋಳ್ಗಿ?" ಎಂದೆ.

"ಎಲೆಗ್ ಕಮ್ಮಿ ಆಯ್ಲಿಲ್ಲೆ. ಪಟ್ಟಿ ಸಮ ಇತ್ತ್" ಎಂದು ಅಪ್ಪಯ್ಯ ಸಾರಿಗೆ ಕೈ ಹಾಕಿದರು. ಬಡಿಸಿದವರಲ್ಲಿ ಒಬ್ಬರು, "ನಮ್ಗ್ ಶುಗರ್ ಇತ್ತ್ ಮಾರಾಯ್ರೆ, ಒಳ್ಳೇದೇ ಆಯ್ತ್" ಎಂದು ನಗಿಸಲು ನೋಡಿದರು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಹೇಳುತ್ತಿದ್ದೆ, ನನಗೆ ಅದು ಚೆನ್ನಾಗಿ ಬರುತ್ತದೆ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೈ ಚಾಚಿದರು. "ಪೊಟ್ಟಣ ಎಲ್ಲಿತ್ತ್?"

"ಇವತ್ತ್ ಇಲ್ಲೆ" ಎಂದು ಅಪ್ಪಯ್ಯ ಕಾಲು ತೊಳೆಯಲು ಹೋದರು. ಅಮ್ಮ ನನ್ನ ಮುಖ ನೋಡಿದರು, ಇವರ ಮುಖ ನೋಡಿದರು. ಅಂಥ ದಿನವನ್ನು ಅವರು ನೋಡಿದ್ದಿಲ್ಲ ಎಂದು ಕಾಣುತ್ತದೆ.

ಮರುದಿನ ಬೆಳಿಗ್ಗೆ ಸೂತ್ರ ತೆರೆದು ಒಂಬತ್ತು ಸಾಲಿಗೂ ಕಂಸವನ್ನು ವಾಪಸು ಹಾಕಿದೆ. (ಎಲೆ + ನಾವು). ಗುಣಿಸು ಎರಡು. ಮೂವತ್ತಾರರ ಅರ್ಧ ಎಷ್ಟು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಪರದೆಯ ಮೇಲೆ ಅದೇ ವಾಕ್ಯ ನಿಂತಿತ್ತು, 'ನಾವು' ಎಂಬ ಹೆಸರು ನನಗೆ ತಿಳಿಯದು. ಈ ಸಲ ಕೇಳಲೇಬೇಕು ಎನಿಸಿತು. ಇವರು ಬಾವಿಕಟ್ಟೆಯ ಹತ್ತಿರ ಹೋಳಿಗೆಯ ಕಾವಲಿಯನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ಹೋಗಿ ಎದುರಿಗೆ ನಿಂತೆ.

"ನಾವು ಅಂದ್ರೆ ಎಷ್ಟ್ ಜನ?"

ಇವರು ಕೈ ಒರೆಸಿಕೊಂಡು ಬೆರಳು ಮಡಚಲು ಶುರು ಮಾಡಿದರು. "ನೀ ಒಂದ್. ಅತ್ತೆ ಎರಡ್. ಮಾವ ಮೂರ್. ನಾ ನಾಲ್ಕ್. ಒಲೆ ಬದಿಯೋರ್ ಐದ್ ಜನ, ಒಂಬತ್ತ್ ಆಯ್ತ್. ಬಡ್ಸುವೋರ್ ಎಂಟ್, ಹದ್ನೇಳ್. ಪಾತ್ರೆ ತೊಳೂದಕ್ ಒಬ್ರ್. ಹದ್ನೆಂಟ್."

"ನಾ ಎಂತಕ್ ಒಂದ್? ನಾ ಯಾವತ್ ಬಂದಿದ್ದೆ ಅಡ್ಗಿ ಕೆಲ್ಸಕ್ಕೆ?"

"ಅದ್ ನಂಗ್ ಗೊತ್ತಿಲ್ಲೆ. ಮಾವ ಎಣ್ಸುದೇ ಹಾಂಗೆ, ನಿನ್ನಿಂದ ಸುರು. ನಂಗೂ ಹಾಂಗೇ ಕಲ್ಸಿದ್ರ್. ಬ್ಯಾರೆ ನಮೂನಿ ಎಣ್ಸಿರೆ ನಂಗ್ ತಪ್ಪತ್ತ್."

ಹೀಗೆಂದು ಮತ್ತೆ ಕಾವಲಿಗೆ ಕೈ ಹಾಕಿದರು. ಅವರಿಗೆ ಅದು ಉಪ್ಪು ಹುಳಿಯ ಹಾಗೆ ಕಲಿತ ಒಂದು ಪಾಠ, ಅಷ್ಟೇ. ನಾನು ಅಲ್ಲೇ ನಿಂತಿದ್ದೆ. ಕಣ್ಣು ಮುಚ್ಚಿದ ಆ ಅರ್ಧ ನಿಮಿಷದಲ್ಲಿ ಅಪ್ಪಯ್ಯ ಏನು ಮಾಡುತ್ತಾರೆ ಎಂದು ಏಳನೇ ಕ್ಲಾಸಿನಿಂದ ಪಕ್ಕದಲ್ಲಿ ಕೂತು ಯೋಚಿಸಿದವಳು ನಾನು. ಪೊಟ್ಟಣದಲ್ಲಿ ಬರುತ್ತಿದ್ದದ್ದು ಉಳಿದದ್ದಲ್ಲ. ಒಲೆ ಹೊತ್ತುವ ಮೊದಲೇ, ಅತಿಥಿಗಳ ಒಂದು ಎಲೆಯನ್ನೂ ಎಣಿಸುವ ಮೊದಲೇ ತೆಗೆದಿಟ್ಟದ್ದು.

ನನ್ನ ಹೊಟ್ಟೆಕಿಚ್ಚು ಆ ಕ್ಷಣಕ್ಕೆ ಆರಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆರಲಿಲ್ಲ. ಇದನ್ನೂ ಅಪ್ಪಯ್ಯ ನನಗೆ ಹೇಳದೆ ಇವರಿಗೆ ಹೇಳಿದ್ದಾರಲ್ಲ ಎಂದು ಮತ್ತೊಮ್ಮೆ ಚುರುಕ್ಕೆಂದಿತು. ಅದನ್ನು ಇಟ್ಟುಕೊಂಡೇ ಒಳಗೆ ಬಂದು ಕೂತೆ.

'ನಾವು' ಎಂಬುದರ ಎದುರು ಹದಿನೆಂಟು ಎಂದು ಒತ್ತಿದೆ. ಹೊಸ ಸೂತ್ರ ಸರಿಯಿದೆಯೇ ಎಂದು ನೋಡಲು ನಾವು ಆಫೀಸಿನಲ್ಲಿ ಮೊದಲು ಸೊನ್ನೆ ಕೊಟ್ಟು ನೋಡುತ್ತೇವೆ, ಅದು ರೂಢಿ. ಎಲೆ ಎಂಬಲ್ಲಿ ಸೊನ್ನೆ ಹಾಕಿದೆ. ಮದುವೆಯಿಲ್ಲ, ಮುಂಜಿಯಿಲ್ಲ, ಉಣ್ಣಲು ಬಂದ ಒಬ್ಬರೂ ಇಲ್ಲ. ಲೈಬ್ರರಿ ಲೆಕ್ಕ ಮಾಡಿ ತೋರಿಸಿತು: ಹೋಳಿಗೆ ಮೂವತ್ತಾರು. ಅದರಲ್ಲಿ ಮೊದಲಿನ ಎರಡು ನನ್ನವು.